ಕಾಶಿಯ ಗಲ್ಲಿಗಳಿಗೆ ಕ್ಯಾಮೆರಾ ಒಯ್ಯುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಛಾಯಾಗ್ರಹಣ ಸಂಘಗಳ ಮಾನ್ಯ ಸದಸ್ಯರಿಗೆ,

ಕಾರ್ತಿಕದಿಂದ ಶಿವರಾತ್ರಿಯವರೆಗಿನ ತಿಂಗಳುಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಹವ್ಯಾಸಿ ಛಾಯಾಗ್ರಾಹಕರು ಗುಂಪು ಕಟ್ಟಿಕೊಂಡು ವಾರಾಣಸಿಗೆ ಹೋಗಿಬರುವುದು ಈಗ ರೂಢಿಯಾಗಿದೆ. ಕನ್ನಡಿಗರಿಗೆ ಆ ನಗರ ಹೊಸತಲ್ಲ. ತಲೆಮಾರುಗಳಿಂದ ಕನ್ನಡ ಯಾತ್ರಿಕರಿಗೆ ಪರಿಚಿತವಾಗಿರುವ ಜಂಗಮವಾಡಿ ಮಠವೂ ಹನುಮಾನ್ ಘಾಟಿನ ನೆರೆಯ ಕರ್ನಾಟಕ ಘಾಟೂ ಅಲ್ಲಿವೆ, ಗಂಗಾಸ್ನಾನಕ್ಕೆ ಹೋಗುವವರ ಸಾಲಿಗೆ ಚಿತ್ರ ತೆಗೆಯಲು ಹೋಗುವವರೂ ಈಚೆಗೆ ಸೇರಿಕೊಂಡಿದ್ದಾರೆ. ಅವರು ಅಲ್ಲಿ ಮಾಡುವ ಕೆಲಸಕ್ಕೆ ಬೀದಿ ಛಾಯಾಗ್ರಹಣ ಎಂಬ ಹೆಸರಿದೆ, ಅಂದರೆ ಸಾರ್ವಜನಿಕ ಜಾಗಗಳಲ್ಲಿ ಜನ ತಮ್ಮ ಪಾಡಿಗೆ ತಾವು ಬದುಕುತ್ತಿರುವಾಗ, ಯಾವ ಏರ್ಪಾಟೂ ಇಲ್ಲದೆ, ಆ ಬದುಕನ್ನು ಕಂಡಂತೆ ಚಿತ್ರದಲ್ಲಿ ಹಿಡಿಯುವ ಕಲೆ. ಈ ಪತ್ರ ಆ ಕಲೆಯ ಮೇಲಿನ ಪ್ರೀತಿಯಿಂದ ಬರೆದದ್ದು; ಅದರ ವಾದವೂ ಒಂದೇ. ಬೀದಿಯ ಚಿತ್ರವೊಂದರ ನಿಜವಾದ ಬೆಲೆ, ಅದರಲ್ಲಿರುವ ಜನ, ಕೆಲಸ, ಜಾಗ ಮತ್ತು ಕಾಲ ಮುಂದಿನವರಿಗೆ ಗುರುತು ಸಿಗುವಂತೆ ಉಳಿದಿವೆಯೇ ಎಂಬುದರ ಮೇಲೆ ನಿಂತಿದೆ. ಹಾಗೆ ಉಳಿಯಬೇಕಾದರೆ ಚಿತ್ರ ತೆಗೆಯುವವರು ಎದುರಿಗಿರುವವರ ಬದುಕಿಗೆ ಮೊದಲು ಗೌರವ ಕೊಡಬೇಕಾಗುತ್ತದೆ.

ಸಂಘಗಳ ವಾರ್ಷಿಕ ಪ್ರದರ್ಶನಗಳಲ್ಲಿ ಕಾಣಸಿಗುವ ಕಾಶಿ ಹೇಗಿರುತ್ತದೆ ಎಂಬುದನ್ನು ಸದಸ್ಯರೇ ಬಲ್ಲರು. ದಶಾಶ್ವಮೇಧ ಘಾಟಿನ ಸಂಜೆಯ ಆರತಿ, ಮುಖಕ್ಕೆ ಬೂದಿ ಬಳಿದ ಸಾಧುವಿನ ಹತ್ತಿರದ ಚಿತ್ರ, ಮಂಜಿನಲ್ಲಿ ಒಂಟಿ ದೋಣಿ, ಮತ್ತು ಆ ದೋಣಿಯ ಸುತ್ತ ರೆಕ್ಕೆ ಬಿಚ್ಚಿದ ನೂರಾರು ಬಿಳಿ ಕಡಲಕ್ಕಿಗಳು: ಹೆಚ್ಚು ಕಡಿಮೆ ಇಷ್ಟರಲ್ಲೇ ಆ ಕಾಶಿ ಮುಗಿಯುತ್ತದೆ. ಚಳಿಗಾಲದಲ್ಲಿ ವಲಸೆ ಬರುವ ಆ ಹಕ್ಕಿಗಳು ದೋಣಿಯ ಸುತ್ತ ಹಾಗೆ ಮುತ್ತುವುದು, ಅಲ್ಲೇ ಮಾರಾಟಕ್ಕೆ ಸಿಗುವ ಸೇವಿನ ಪೊಟ್ಟಣ ಒಡೆದು ನೀರಿಗೆ ಎಸೆದಾಗ; ಎಸೆದು ಕೂಗಿ ಕರೆಯುವವರು, ಪೊಟ್ಟಣ ಮಾರುವವರು, ಹಕ್ಕಿಗಳಿಗೆ ಒಗ್ಗದ ಈ ಕರಿದ ತಿಂಡಿಯ ವ್ಯಾಪಾರ, ಇವೆಲ್ಲ ಚೌಕಟ್ಟಿನಿಂದ ಹೊರಗೆ ಉಳಿದು, ಋಷಿಯಂತೆ ಹುಟ್ಟು ಹಾಕುವ ಅಂಬಿಗನೊಬ್ಬ ಮಾತ್ರ ಒಳಗೆ ಉಳಿಯುತ್ತಾನೆ. ಚಿತ್ರ ಚೆಂದವಾಗಿಯೇ ಇರುತ್ತದೆ. ಆದರೆ ಆ ನದಿಯ ಮೇಲೆ ಬದುಕುವವರ ದಿನಚರಿಯ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ. ಚಿತ್ರದಲ್ಲಿ ಬಿಟ್ಟುಹೋದ ಸೇವಿನ ಪೊಟ್ಟಣವೇ ಬೀದಿ ಛಾಯಾಗ್ರಹಣದ ನಿಜವಾದ ವಸ್ತುವಾಗಿತ್ತು.

ಈ ಕಲೆ ಎಲ್ಲಿಂದ ಹುಟ್ಟಿತು ಎಂಬುದನ್ನು ನೆನೆಯುವುದು ಇಲ್ಲಿ ಉಪಯುಕ್ತ. 1838ರಲ್ಲಿ ಪ್ಯಾರಿಸ್ಸಿನ ಲೂಯಿ ದಾಗೆರ್ ತನ್ನ ಕಿಟಕಿಯಿಂದ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರವನ್ನು ಬೆಳ್ಳಿ ಲೇಪದ ತಗಡಿನ ಮೇಲೆ ಮೂಡಿಸಿದಾಗ, ಬೆಳಕು ತಗಡಿಗೆ ಹಿಡಿಯಲು ಹಲವು ನಿಮಿಷ ಬೇಕಾಗಿದ್ದುದರಿಂದ, ಓಡಾಡುತ್ತಿದ್ದ ಜನ, ಕುದುರೆ, ಗಾಡಿಗಳೆಲ್ಲ ಅಳಿಸಿಹೋಗಿ ಬೀದಿ ಬರಿದಾಗಿ ಕಂಡಿತು; ಉಳಿದದ್ದು ಮೂಲೆಯಲ್ಲಿ ಒಂದು ಕಾಲನ್ನು ಮುಂದಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯ ಮತ್ತು ಅವನ ಕಾಲ ಬಳಿ ಮಸುಕಾಗಿ ಕಾಣುವ ಪಾಲಿಶಿನವನು. ಮನುಷ್ಯರು ಕಾಣುವ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಒಂದೆಂದು ಹೆಸರಾದ ಈ ತಗಡಿನಲ್ಲಿರುವುದು ಬೀದಿಬದಿಯ ದುಡಿಮೆ. ಇಬ್ಬರ ಹೆಸರೂ ತಿಳಿಯದು. ಮುಂದೆ 1860ರ ದಶಕದಲ್ಲಿ ನಗರದ ಆಡಳಿತಾಧಿಕಾರಿ ಬ್ಯಾರನ್ ಓಸ್ಮಾನ್‌ನ ಯೋಜನೆಯಂತೆ ಪ್ಯಾರಿಸ್ಸಿನ ಹಳೆಯ ಇಕ್ಕಟ್ಟು ಬೀದಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡುತ್ತಿದ್ದಾಗ, ಕೆಡವುವ ಮೊದಲು ಆ ಬೀದಿಗಳನ್ನು ದಾಖಲಿಸುವ ಕೆಲಸವನ್ನು ನಗರದ ಆಡಳಿತವೇ ಛಾಯಾಗ್ರಾಹಕ ಶಾರ್ಲ್ ಮಾರ್ವಿಲ್‌ಗೆ ಒಪ್ಪಿಸಿತು. ಆ ಬಳಿಕ ಯೂಜೀನ್ ಆಟ್ಜೆ (1857–1927) ಭಾರವಾದ ಮರದ ಕ್ಯಾಮೆರಾ ಮತ್ತು 18×24 ಸೆಂಟಿಮೀಟರಿನ ಗಾಜಿನ ಫಲಕಗಳನ್ನು ಹೊತ್ತು, ಮೂರು ದಶಕ ಅದೇ ನಗರದ ಅಂಗಡಿ ಮುಂಗಟ್ಟು, ಮೆಟ್ಟಿಲು, ಅಂಗಳ, ತಿರುಗಿ ಮಾರುವವರನ್ನು ಚಿತ್ರಿಸಿ, ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮಾರಿ ಜೀವನ ಸಾಗಿಸಿದ. ಅವನು ತನ್ನ ಚಿತ್ರಗಳನ್ನು ದಾಖಲೆಗಳೆಂದೇ ಕರೆದುಕೊಂಡ, ಪ್ರತಿಗಳ ಮೇಲೆ ಬೀದಿಯ ಹೆಸರು ಬರೆಯುವ ಅಭ್ಯಾಸ ಇಟ್ಟುಕೊಂಡ. ಇಂದು ಅವನನ್ನು ದೊಡ್ಡ ಕಲಾವಿದನೆಂದು ಜಗತ್ತು ಒಪ್ಪಿದೆ, ಆದರೆ ಆ ಕಲೆ ಬೆಳೆದದ್ದು ಬೀದಿಯ ಹೆಸರು ಬರೆದಿಡುವ ನಿಷ್ಠೆಯ ಜೊತೆಜೊತೆಗೇ.

ಈ ಮಾತಿಗೂ ಕಾಶಿಗೂ ಇರುವ ನಂಟು ದೂರದ್ದಲ್ಲ. ವಿಶ್ವನಾಥ ದೇವಾಲಯದಿಂದ ಗಂಗೆಯ ದಂಡೆಯವರೆಗೆ ನೇರವಾದ ವಿಶಾಲ ಹಾದಿ ಮಾಡುವ ಯೋಜನೆಗೆ 2019ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಗಿ, 2021ರ ಡಿಸೆಂಬರ್ 13ರಂದು ಅದರ ಮೊದಲ ಹಂತ ಉದ್ಘಾಟನೆಯಾಯಿತು. ಅದಕ್ಕಾಗಿ ಸುಮಾರು 300 ಕಟ್ಟಡಗಳನ್ನು ಕೊಂಡು ಕೆಡವಲಾಯಿತು, ಲಾಹೋರಿ ಟೋಲಾದಂಥ ಹಳೆಯ ಮೊಹಲ್ಲಾ, ಅಂದರೆ ಗಲ್ಲಿಗಳ ಗುಂಪಿನಿಂದಾದ ವಸತಿಕೇರಿ, ಅದರೊಂದಿಗೆ ಹೋಯಿತು. ಮನೆಗಳ ಗೋಡೆಗಳ ಒಳಗೆ ಸೇರಿಹೋಗಿದ್ದ ಹಲವು ಚಿಕ್ಕ ಗುಡಿಗಳು ಹೊರಗೆ ಕಂಡವು. ಈ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಛಾಯಾಗ್ರಾಹಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಅದಕ್ಕೆ ಮೊದಲಿನ ವರ್ಷಗಳಲ್ಲಿ ಆ ಗಲ್ಲಿಗಳನ್ನು ದಾಟಿಯೇ ಘಾಟಿಗೆ ಇಳಿಯುತ್ತಿದ್ದ ಅಷ್ಟೊಂದು ಕ್ಯಾಮೆರಾಗಳು ಅಲ್ಲಿದ್ದ ಹೂವಿನ ಅಂಗಡಿ, ಕಟ್ಟೆಯ ಮೇಲಿನ ಹರಟೆ, ಬಾಗಿಲ ಮೇಲಿನ ಬರಹ, ಮಹಡಿಯಿಂದ ಇಳಿಬಿಟ್ಟ ಬುಟ್ಟಿಗಳಲ್ಲಿ ಎಷ್ಟನ್ನು ಹಿಡಿದವು, ಹಿಡಿದದ್ದರಲ್ಲಿ ಎಷ್ಟಕ್ಕೆ ಗಲ್ಲಿಯ ಹೆಸರು ಬರೆದಿದೆ? ಸೂರ್ಯೋದಯ ಮರುದಿನವೂ ಬರುತ್ತದೆ. ಗಲ್ಲಿ ಬರುವುದಿಲ್ಲ. ತಮ್ಮ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ 2018ಕ್ಕೆ ಹಿಂದಿನ ಕಾಶಿಯ ಕಡತಗಳನ್ನು ಇಟ್ಟುಕೊಂಡಿರುವ ಸದಸ್ಯರು, ಆಗ ಸಾಮಾನ್ಯವೆಂದು ಪಕ್ಕಕ್ಕಿಟ್ಟ ಚಿತ್ರಗಳನ್ನು ಈಗ ಮತ್ತೆ ತೆರೆದು ನೋಡಬೇಕೆಂಬುದು ಈ ಪತ್ರದ ಮೊದಲ ಕೋರಿಕೆ. ಸ್ಪರ್ಧೆಗೆ ಕಳುಹಿಸಿದ ಚಿತ್ರಕ್ಕಿಂತ ಅವು ಹೆಚ್ಚು ಬೆಲೆಯುಳ್ಳವಾಗಿರುವ ಸಾಧ್ಯತೆ ಬಲವಾಗಿದೆ.

ದಿನನಿತ್ಯದ ನಗರವೆಂದರೆ ಯಾವುದು ಎಂಬುದಕ್ಕೆ ಕಾಶಿಯಲ್ಲೇ ಬೇಕಾದಷ್ಟು ಉತ್ತರಗಳಿವೆ. ಮದನ್‌ಪುರ, ಅಲೈಪುರ, ಪೀಲಿ ಕೋಠಿಗಳ ಓಣಿಗಳಲ್ಲಿ ರೇಷ್ಮೆಯ ಮಗ್ಗಗಳ ಸದ್ದು ಬೀದಿಗೆ ಕೇಳುತ್ತದೆ. ಕೈಮಗ್ಗದ ಮೇಲ್ಗಡೆ ತೂಗುವ, ರಂಧ್ರ ಕೊರೆದ ರಟ್ಟಿನ ಪಟ್ಟಿಗಳ ಸರಣಿ, ಅಂದರೆ ಯಾವ ಎಳೆ ಏಳಬೇಕು ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳಿಕೊಡುವ ಜಕಾರ್ಡ್ ವ್ಯವಸ್ಥೆ, ಜರತಾರಿ ಅಂಚಿನ ಬನಾರಸಿ ಸೀರೆಯ ಹೆಚ್ಚಿನ ಹೂವುಗಳ ಹಿಂದೆ ಇದೆ. ಕರ್ನಾಟಕದ ಮದುವೆಮನೆಗಳಿಗೂ ಬರುವ ಆ ಸೀರೆಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದನ್ನು ನೇಯುವವರಲ್ಲಿ ಹೆಚ್ಚಿನವರು ಅನ್ಸಾರಿ ಮುಸ್ಲಿಮರು, ಮತ್ತು ಕಾಶಿಯ ಚಿತ್ರಪ್ರವಾಸದ ಪಟ್ಟಿಯಲ್ಲಿ ಅವರ ಕೇರಿ ಬರುವುದು ಅಪರೂಪ, ಏಕೆಂದರೆ ನೋಡುವ ಮೊದಲೇ ಮನಸ್ಸಿನಲ್ಲಿ ತೀರ್ಮಾನವಾದ ಕಾಶಿಯಲ್ಲಿ ಅವರಿಗೆ ಸ್ಥಳವಿರುವುದಿಲ್ಲ. ಒಂದು ನಗರದ ಅಷ್ಟು ದೊಡ್ಡ ಭಾಗ ಕಾಣೆಯಾದ ಚಿತ್ರಸಂಪುಟವನ್ನು ಆ ನಗರದ ಚಿತ್ರಸಂಪುಟವೆಂದು ಕರೆಯುವುದು ಸರಿಯಲ್ಲ ಎಂದು ಇಲ್ಲಿ ಖಚಿತವಾಗಿ ಹೇಳಬೇಕಾಗಿದೆ. ಠಠೇರಿ ಬಜಾರಿನ ಹಿತ್ತಾಳೆ ಅಂಗಡಿಗಳು, ಘಾಟಿನ ಕಲ್ಲುಗಳ ಮೇಲೆ ಬಟ್ಟೆ ಒಗೆಯುವವರು, ಚಳಿಗಾಲದ ಮುಂಜಾನೆ ಮಾತ್ರ ಸಿಗುವ, ಹಾಲಿನ ನೊರೆಯಿಂದಾದ ಮಲೈಯೋ ಎಂಬ ಸಿಹಿಯನ್ನು ಮಣ್ಣಿನ ಕುಡಿಕೆಯಲ್ಲಿ ಮಾರುವವರು, ಇವರೆಲ್ಲ ಸಾಧುಗಳಷ್ಟೇ ಕಾಶಿಯವರು.

ಇನ್ನು ಚಿತ್ರ ತೆಗೆಯುವ ಬಗೆಯ ವಿಚಾರ. ಲೆನ್ಸಿನ ನಾಭಿದೂರ, ಅಂದರೆ ಅದು ದೃಶ್ಯವನ್ನು ಎಷ್ಟು ಅಗಲವಾಗಿ ಅಥವಾ ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಎಂಬುದನ್ನು ನಿರ್ಧರಿಸುವ ಅಳತೆ, ತಾಂತ್ರಿಕ ಸಂಗತಿಯಷ್ಟೇ ಎಂದು ತಿಳಿಯುವುದು ರೂಢಿ. ಬೀದಿಯಲ್ಲಿ ಅದು ನಡವಳಿಕೆಯ ಸಂಗತಿಯೂ ಹೌದು. ಪೂರ್ಣ ಚೌಕಟ್ಟಿನ, ಅಂದರೆ 24×36 ಮಿಲಿಮೀಟರ್ ಸೆನ್ಸರಿನ ಕ್ಯಾಮೆರಾವನ್ನು ನಿಲುವಾಗಿ ಹಿಡಿದು ನಿಂತ ಮನುಷ್ಯನೊಬ್ಬನನ್ನು ಅಡಿಯಿಂದ ಮುಡಿಯವರೆಗೆ ತುಂಬಿಸಬೇಕಾದರೆ, 35 ಮಿಲಿಮೀಟರಿನ ಲೆನ್ಸ್ ಇದ್ದವರು ಸುಮಾರು 2 ಮೀಟರ್ ದೂರದಲ್ಲಿ ನಿಲ್ಲಬೇಕು, 200 ಮಿಲಿಮೀಟರಿನದು ಇದ್ದವರು ಸುಮಾರು 10 ಮೀಟರ್ ದೂರದಲ್ಲಿ ನಿಲ್ಲಬಹುದು. ಎರಡು ಮೀಟರಿನಲ್ಲಿ ಎದುರಿನವರು ಕ್ಯಾಮೆರಾ ಹಿಡಿದವರನ್ನು ನೋಡುತ್ತಾರೆ, ಬೇಡವೆಂದು ಕೈ ಆಡಿಸಬಲ್ಲರು, ನಗಬಲ್ಲರು, ಯಾವ ಊರು ಎಂದು ಕೇಳಬಲ್ಲರು. ಹತ್ತು ಮೀಟರಿನಲ್ಲಿ, ಅದೂ ನದಿಯ ನಡುವಿನ ದೋಣಿಯಿಂದ, ಅವರಿಗೆ ಆ ಯಾವ ಅವಕಾಶವೂ ಉಳಿಯುವುದಿಲ್ಲ. ಆದ್ದರಿಂದ ಜನರಿರುವ ಬೀದಿಗೆ ಉದ್ದದ ಲೆನ್ಸ್ ಒಯ್ಯದಿರುವುದೇ ಲೇಸು.

ಘಾಟಿನಲ್ಲಿ ಸ್ನಾನ ಮಾಡುವ ಹೆಂಗಸರ ಚಿತ್ರಗಳ ವಿಷಯದಲ್ಲಿ ಈ ಮಾತನ್ನು ಇನ್ನೂ ಕಟುವಾಗಿ ಹೇಳಬೇಕು. ಒದ್ದೆ ಸೀರೆಯಲ್ಲಿ ಮುಳುಗು ಹಾಕಿ ಏಳುವ, ಬಟ್ಟೆ ಬದಲಿಸಿಕೊಳ್ಳುವ ಯಾತ್ರಿಕರನ್ನು ದೋಣಿಯಿಂದ ದೂರದ ಲೆನ್ಸಿನಲ್ಲಿ ಹಿಡಿದು, ಭಕ್ತಿ ಎಂದೋ ಶ್ರದ್ಧೆ ಎಂದೋ ಶೀರ್ಷಿಕೆ ಕೊಟ್ಟು ಗೋಡೆಗೆ ತೂಗುಹಾಕಿದ ಚಿತ್ರಗಳು ಕರ್ನಾಟಕದ ಪ್ರದರ್ಶನಗಳಲ್ಲೂ ಬಂದಿವೆ. ಅದೇ ಹೆಂಗಸರು ಕಲಬುರಗಿಯಿಂದಲೋ ಹಾಸನದಿಂದಲೋ ಯಾತ್ರೆಗೆ ಹೋದ, ತೆಗೆದವರ ಮನೆಯವರೇ ಆಗಿದ್ದರೆ ಆ ಚಿತ್ರ ಗೋಡೆಯ ಮೇಲೆ ಇರುತ್ತಿತ್ತೇ ಎಂಬ ಒಂದು ಪ್ರಶ್ನೆ ಸಾಕು. ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟುಗಳಲ್ಲಿ ಉರಿಯುವ ಚಿತೆಗಳೂ ಹಾಗೆಯೇ. ಅಲ್ಲಿ ಚಿತ್ರ ತೆಗೆಯಬಾರದೆಂಬ ಮಾತು ಎಲ್ಲರಿಗೂ ತಿಳಿದಿದ್ದರೂ, ಇಷ್ಟು ಕೊಟ್ಟರೆ ಜಾಗ ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳು ಸಿಗುತ್ತಾರೆ. ಆದರೆ ಒಪ್ಪಿಗೆ ಕೊಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಹೆಗಲು ಕೊಟ್ಟು ಬಂದ ಮನೆಯವರಿಗೆ, ಮತ್ತು ಅಂಥ ಹೊತ್ತಿನಲ್ಲಿ ಅವರನ್ನು ಹೋಗಿ ಕೇಳುವುದೇ ಕ್ರೌರ್ಯ. ಅಲ್ಲಿ ಕ್ಯಾಮೆರಾ ಚೀಲದೊಳಗೆ ಇರಬೇಕು.

ಕಾನೂನು ತಡೆಯುವುದಿಲ್ಲವಲ್ಲ ಎಂಬ ಉತ್ತರ ಇಲ್ಲಿ ಬರುವುದು ಸಹಜ. ಸಾರ್ವಜನಿಕ ಜಾಗದಲ್ಲಿ ಚಿತ್ರ ತೆಗೆಯುವುದನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ಭಾರತದಲ್ಲಿಲ್ಲ ಎಂಬುದು ನಿಜ. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಆ ತೀರ್ಪಿನ ಪ್ರಧಾನ ಅಭಿಪ್ರಾಯವು, ಮನುಷ್ಯ ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಖಾಸಗಿತನವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಅದು ಜಾಗಕ್ಕಲ್ಲದೆ ವ್ಯಕ್ತಿಗೆ ಅಂಟಿಕೊಂಡಿದೆ ಎಂಬ ನಿಲುವನ್ನು ತಾಳಿದೆ. ಪ್ರವಾಸಿಗಳ ಕ್ಯಾಮೆರಾ ಮಿತಿಮೀರಿದಾಗ ಊರುಗಳೇ ಬಾಗಿಲು ಹಾಕಿಕೊಳ್ಳುವುದೂ ಉಂಟು: ಜಪಾನಿನ ಕ್ಯೋಟೊ ನಗರದ ಗಿಯೋನ್ ಕೇರಿಯವರು, ಗೇಯ್ಶಾ ಕಲಾವಿದೆಯರನ್ನು ಬೆನ್ನಟ್ಟಿ ಚಿತ್ರ ತೆಗೆಯುವವರಿಂದ ಬೇಸತ್ತು, 2019ರಲ್ಲಿ ತಮ್ಮ ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡವೆಂಬ ಫಲಕ ಹಾಕಿದರು, 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಲ್ಲಿಸಿದರು.

ಹಣ ಕೊಟ್ಟು ತೆಗೆದ ಚಿತ್ರದ ಪ್ರಶ್ನೆ ಇದಕ್ಕಿಂತ ಜಟಿಲ. ಘಾಟಿನಲ್ಲಿ ಬಣ್ಣಬಣ್ಣದ ಛತ್ರಿಯ ಕೆಳಗೆ ಕುಳಿತು ಕ್ಯಾಮೆರಾಗಳಿಗೆ ಮುಖ ಕೊಟ್ಟು ಹಣ ಪಡೆಯುವ ಸಾಧುವೇಷದವರು ತಮ್ಮ ಹೊತ್ತಿಗೆ ಬೆಲೆ ಪಡೆಯುತ್ತಾರೆ, ಅದರಲ್ಲಿ ಅವಮಾನಕರವಾದದ್ದು ಏನೂ ಇಲ್ಲ. ಚಿತ್ರ ತೆಗೆದವರಿಗೆ ಬಹುಮಾನ ಬರುವುದಾದರೆ ತೆಗೆಸಿಕೊಂಡವರಿಗೆ ಸಂಭಾವನೆ ಏಕೆ ಬೇಡ? ತಪ್ಪಾಗುವುದು ಆ ಚಿತ್ರವನ್ನು ಆಕಸ್ಮಿಕವಾಗಿ ಕಂಡ ದೃಶ್ಯವೆಂದು ಹೇಳಿಕೊಂಡಾಗ. ಸಲೋನ್‌ಗಳ, ಅಂದರೆ ತೀರ್ಪುಗಾರರು ಅಂಕ ಕೊಟ್ಟು ಆಯ್ದ ಚಿತ್ರಗಳ ಸ್ಪರ್ಧಾ ಪ್ರದರ್ಶನಗಳ ನಿಯಮಗಳೂ ಈ ಮಾತನ್ನೇ ಹೇಳುತ್ತವೆ. ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ರೂಪಿಸಿದ, ಇಲ್ಲಿನ ಸಂಘಗಳಿಗೂ ಪರಿಚಿತವಾದ ಪ್ರವಾಸ ವಿಭಾಗದ ವ್ಯಾಖ್ಯೆಯ ಪ್ರಕಾರ, ಛಾಯಾಗ್ರಹಣಕ್ಕೆಂದೇ ಏರ್ಪಡಿಸಿದ ಘಟನೆಗಳ ಮತ್ತು ಕೂಲಿಗೆ ಕರೆತಂದ ಇಲ್ಲವೆ ನಿರ್ದೇಶಿಸಿದ ವ್ಯಕ್ತಿಗಳ ಚಿತ್ರಗಳಿಗೆ ಅವಕಾಶವಿಲ್ಲ; ಮುಖದ ಹತ್ತಿರದ ಚಿತ್ರಗಳಲ್ಲೂ ಸುತ್ತಲ ಪರಿಸರದ ಮಾಹಿತಿ ಇರಬೇಕು. ಹೊಗೆಯಾಡಿಸಿ, ಬೆಳಕಿನ ಕೋಲು ಬೀಳುವಲ್ಲಿ ಹುಡುಗನೊಬ್ಬನನ್ನು ಕೂರಿಸಿ ತೆಗೆಯುವ ಚಿತ್ರಶಿಬಿರಗಳಿಗೆ ಸಂಘದ ಹೆಸರು ಕೊಡುವವರು ಈ ನಿಯಮವನ್ನು ಮತ್ತೊಮ್ಮೆ ಓದಬೇಕು.

ಚಿತ್ರ ತೆಗೆಯುವ ಅವಸರವನ್ನು ಸಮರ್ಥಿಸಲು ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸ್ಸೋನ್ ಹೆಸರು ಪದೇಪದೇ ಬಳಕೆಯಾಗುತ್ತದೆ. ಅವನ 1952ರ ಪುಸ್ತಕದ ಇಂಗ್ಲಿಷ್ ಆವೃತ್ತಿಯಿಂದ ಪ್ರಸಿದ್ಧವಾದ ನಿರ್ಣಾಯಕ ಕ್ಷಣ ಎಂಬ ಕಲ್ಪನೆ, ಅಂದರೆ ಒಂದು ಘಟನೆಯ ಅರ್ಥವೂ ಅದರ ದೃಶ್ಯರೂಪವೂ ಒಂದೇ ಗಳಿಗೆಯಲ್ಲಿ ಕೂಡಿಬರುವ ಬಿಂದು, ಬಂದು ಕ್ಲಿಕ್ಕಿಸಿ ಹೊರಡುವುದಕ್ಕೆ ಅಪ್ಪಣೆಯಲ್ಲ. 1947ರಲ್ಲಿ ಭಾರತಕ್ಕೆ ಬಂದಾಗ ಅವನು ತಿಂಗಳುಗಟ್ಟಲೆ ಇಲ್ಲಿದ್ದ, ಮರುವರ್ಷದ ಜನವರಿಯ ಕೊನೆಯಲ್ಲಿ ಗಾಂಧೀಜಿಯನ್ನೂ ಅವರ ಅಂತ್ಯಯಾತ್ರೆಯನ್ನೂ ಚಿತ್ರಿಸಲು ಸಾಧ್ಯವಾದದ್ದು ಹಾಗೆ ಇಲ್ಲಿ ಇದ್ದುದರಿಂದ. ಕನ್ನಡನಾಡಿಗೆ ಇನ್ನೂ ಹತ್ತಿರದ ಉದಾಹರಣೆ ಮೈಸೂರಿನ ಟಿ.ಎಸ್. ಸತ್ಯನ್ (1923–2009). ಪತ್ರಿಕೆಗಳಿಗೂ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ದೇಶವಿಡೀ ಸುತ್ತಿದ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಶಾಲೆಗೆ ಹೋಗುವ ಮಕ್ಕಳು, ಹೆರಳು ಹಾಕುವ ತಾಯಂದಿರು, ಜಗಲಿಯ ಮುದುಕರು ತಮ್ಮ ಮನೆಯಲ್ಲಿ ಇರುವಷ್ಟೇ ನಿರಾಳವಾಗಿ ಇದ್ದಾರೆ. ತೆಗೆದವರ ಮೇಲೆ ಎದುರಿನವರಿಗೆ ಇದ್ದ ವಿಶ್ವಾಸವೇ ಆ ಚಿತ್ರಗಳ ಬೆಳಕು. ಮೂರು ದಿನದ ಪ್ರವಾಸದಲ್ಲಿ ಅಷ್ಟು ವಿಶ್ವಾಸ ಗಳಿಸಲಾಗದು ಎಂಬುದು ಸರಿ, ಆದರೆ ಮೂರು ದಿನ ಮೂವತ್ತು ಜಾಗ ಸುತ್ತುವ ಬದಲು ಒಂದೇ ಗಲ್ಲಿಯ ತಿರುವಿಗೆ ಮೂರು ಬೆಳಗು ಹೋಗಿ ನಿಲ್ಲಬಹುದು. ಎರಡನೆಯ ಬೆಳಗಿಗೆ ಕಚೋರಿ ಅಂಗಡಿಯವರು ಭೈಯಾ ಎಂದು ಕರೆಯುತ್ತಾರೆ, ಮೂರನೆಯ ಬೆಳಗಿಗೆ ಕ್ಯಾಮೆರಾ ಅಲ್ಲಿದೆಯೆಂಬುದನ್ನು ಮರೆಯುತ್ತಾರೆ.

ಅಡಿಬರಹದ ಮಾತು ಇಡೀ ಪತ್ರದಲ್ಲಿ ಅತಿ ಮುಖ್ಯವಾದದ್ದು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಕಡತದೊಳಗೆ ದಿನಾಂಕ, ಸಮಯ, ಲೆನ್ಸಿನ ಅಳತೆ ಮುಂತಾದ ವಿವರಗಳನ್ನು ತಾನಾಗಿಯೇ ಬರೆದಿಡುತ್ತದೆ. ಚಿತ್ರದ ಬಗೆಗಿನ ಈ ಒಳಮಾಹಿತಿಗೆ ಮೆಟಾಡೇಟಾ ಎನ್ನುತ್ತಾರೆ. ಆದರೆ ಗಲ್ಲಿಯ ಹೆಸರು, ಎದುರಿನವರು ಮಾಡುತ್ತಿದ್ದ ಕೆಲಸ, ಕೈಯಲ್ಲಿದ್ದ ಉಪಕರಣವನ್ನು ಅಲ್ಲಿನ ಜನ ಕರೆಯುವ ಹೆಸರು, ಇವನ್ನು ಯಾವ ಯಂತ್ರವೂ ಬರೆಯದು. ಅದೇ ಕಡತದೊಳಗೆ ಇವನ್ನೆಲ್ಲ ಸೇರಿಸಲು ಐಪಿಟಿಸಿ ಎಂಬ ಮಾದರಿಯ ಖಾಲಿ ಅಂಕಣಗಳಿವೆ, ಚಿತ್ರ ತಿದ್ದುವ ಹೆಚ್ಚಿನ ತಂತ್ರಾಂಶಗಳಲ್ಲಿ ಅವು ತೆರೆದೇ ಇರುತ್ತವೆ, ತುಂಬುವವರು ಮಾತ್ರ ಕಡಿಮೆ. ವಾಟ್ಸ್ಯಾಪಿನಲ್ಲಿ ಚಿತ್ರವಾಗಿ ಕಳುಹಿಸಿದ ಕೂಡಲೇ ಈ ಮಾಹಿತಿ ಉದುರಿಹೋಗುವುದರಿಂದ ಮೂಲ ಕಡತವನ್ನು ಕಾಪಾಡಿಕೊಳ್ಳುವುದೂ ಅಗತ್ಯ. ಅಂದಂದಿನ ರಾತ್ರಿ ತಂಗಿದಲ್ಲೇ ಕುಳಿತು ಬರೆಯದಿದ್ದರೆ ಊರಿಗೆ ಮರಳುವ ಹೊತ್ತಿಗೆ ಎಲ್ಲ ಗಲ್ಲಿಗಳೂ ಒಂದೇ ಆಗಿಬಿಡುತ್ತವೆ. ಹೆಸರು ಹೇಳಬಯಸದವರ ಹೆಸರನ್ನು ಕೇಳಬೇಕಾಗಿಲ್ಲ. ಅವರ ಕೆಲಸದ ಹೆಸರು ಸಾಕು. ವಾರಾಣಸಿಯ ವೃದ್ಧ ಎಂಬುದು ಅಡಿಬರಹವಲ್ಲ. ಇಂಥ ಓಣಿಯಲ್ಲಿ ಬನಾರಸಿ ಸೀರೆಗೆ ಹೊಳಪು ಕೊಡುವ ಕೆಲಸಗಾರರು ಎಂಬುದು ಅಡಿಬರಹ.

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ನೆನೆದರೆ ಇದೆಲ್ಲ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿನ ಬಣ್ಣಬಣ್ಣದ ಕುಂಕುಮದ ಗೋಪುರಾಕಾರದ ರಾಶಿಗಳನ್ನು ಹೊರದೇಶದ ಪ್ರವಾಸಿಗಳು ಚಿತ್ರಿಸಿದಷ್ಟು ಇನ್ನಾವುದನ್ನೂ ಚಿತ್ರಿಸಿಲ್ಲ ಎನ್ನಬಹುದು. ಆದರೆ 2016ರ ಆಗಸ್ಟಿನಲ್ಲಿ ಆ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಕುಸಿದು, ಉಳಿಸಬೇಕೋ ಕೆಡವಬೇಕೋ ಎಂಬ ವಾದ ಎದ್ದಾಗ, ಬೇಕೆನಿಸುವ ಚಿತ್ರಗಳು ವೀಳ್ಯದೆಲೆಯ ಸಾಲು ಎಲ್ಲಿತ್ತು, ಬಾಳೆಹಣ್ಣಿನ ಗೊನೆಗಳನ್ನು ಹೇಗೆ ತೂಗುಹಾಕುತ್ತಿದ್ದರು, ಮಾರು ಮಲ್ಲಿಗೆಯನ್ನು ಹೇಗೆ ಅಳೆಯುತ್ತಿದ್ದರು ಎಂಬುದನ್ನು ತೋರಿಸುವಂಥವು. ಮೈಸೂರಿನವರಿಗೆ ತಮ್ಮ ಮಾರುಕಟ್ಟೆಯ ಬಗ್ಗೆ ಅನಿಸುವುದೇ ಕಾಶಿಯವರಿಗೆ ತಮ್ಮ ಗಲ್ಲಿಯ ಬಗ್ಗೆ ಅನಿಸುತ್ತದೆ.

ಆದ್ದರಿಂದ ಸಂಘಗಳ ಕಾರ್ಯಕಾರಿ ಸಮಿತಿಗಳ ಮುಂದೆ ಈ ಪತ್ರ ಕೆಲವು ಕೋರಿಕೆಗಳನ್ನಿಡುತ್ತದೆ. ಬೀದಿ ಮತ್ತು ಪ್ರವಾಸ ವಿಭಾಗಗಳಿಗೆ ಬರುವ ಚಿತ್ರಗಳಿಗೆ ಬೀದಿಯ ಹೆಸರು, ದಿನಾಂಕ, ಚಿತ್ರದಲ್ಲಿ ನಡೆಯುತ್ತಿರುವ ಕೆಲಸದ ವಿವರ ಕಡ್ಡಾಯವಾಗಲಿ, ಹಣ ಕೊಟ್ಟು ತೆಗೆದದ್ದಾದರೆ ಅದನ್ನೂ ಬರೆಯುವಂತಾಗಲಿ, ಮತ್ತು ಆ ಬರಹ ತೀರ್ಪುಗಾರರಿಗೆ ಚಿತ್ರದ ಜೊತೆಗೇ ಕಾಣಲಿ. ಸ್ನಾನದ, ಚಿತೆಯ ಚಿತ್ರಗಳನ್ನು ಸ್ವೀಕರಿಸದಿರುವ ನಿರ್ಧಾರವನ್ನು ಸಂಘವೇ ಮಾಡಲಿ. ಒಂಟಿ ಚಿತ್ರಗಳ ಜೊತೆಗೆ ಒಂದೇ ಗಲ್ಲಿಯ ಹನ್ನೆರಡು ಚಿತ್ರಗಳ ಸರಣಿಗೂ ಬಹುಮಾನವಿರಲಿ. ಕಳುಹಿಸಿಕೊಡುತ್ತೇವೆ ಎಂದು ಬೀದಿಯಲ್ಲಿ ಕೊಟ್ಟ ಮಾತನ್ನು ಸದಸ್ಯರು ಉಳಿಸಿಕೊಳ್ಳಲು ನೆರವಾಗುವಂತೆ, ಪ್ರವಾಸದ ವೆಚ್ಚದಲ್ಲೇ 4×6 ಇಂಚಿನ ಪ್ರತಿಗಳ ಮುದ್ರಣಕ್ಕೂ ಅಂಚೆಗೂ ಒಂದಿಷ್ಟು ಹಣ ತೆಗೆದಿಡಲಿ. ಮುಂದಿನ ವರ್ಷ ಹೊರಡುವ ಗುಂಪು ಹಿಂದಿನ ವರ್ಷದ ಗುಂಪಿನ ಪ್ರತಿಗಳನ್ನು ಕೈಯಾರೆ ಒಯ್ದು ಆಯಾ ಅಂಗಡಿ, ಮಗ್ಗ, ದೋಣಿಗಳಿಗೆ ತಲುಪಿಸುವ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಚಿತ್ರ ಹಿಡಿದು ಬಂದವರಿಗೆ ಆ ಬಾಗಿಲುಗಳು ತಾವಾಗಿಯೇ ತೆರೆಯುತ್ತವೆ.


ಛಾಯಾಚಿತ್ರ ಪ್ರದರ್ಶನಗಳ ನೋಡುಗರೊಬ್ಬರು